ರೆಕ್ಕೆ, ರೊಟ್ಟಿ, ರೊಕ್ಕ: ಓದುಗರ ಪ್ರಶ್ನೆ, ವಿಮಾನದ ಇಂಜಿನಿಯರ್ ಉತ್ತರ

ಪ್ರ: ನೀವು ವಿಮಾನದ ಇಂಜಿನಿಯರ್ ಅಂತೀರಿ, ಆದ್ರೆ ನಿಮ್ಮ ಅಂಕಣದಲ್ಲಿ ಅರ್ಧಕ್ಕರ್ಧ ವ್ಯಾಪಾರದ ವಿಷಯಾನೇ ಇರುತ್ತೆ. ಲಾಭ, ನಷ್ಟ, ಬೆಲೆ ಇದನ್ನೆಲ್ಲ ಬರೆಯೋಕೆ ಲೆಕ್ಕ ಓದಿದವರು ಇಲ್ವಾ? - ನಿವೃತ್ತ ಬ್ಯಾಂಕ್ ಮ್ಯಾನೇಜರ್, ದಾವಣಗೆರೆ

ಉ: ಏಟು ಸರಿಯಾಗೇ ಬಿತ್ತು ಸರ್, ಒಪ್ಕೊಂಡೆ. ಆದ್ರೆ ವ್ಯಾಪಾರದವರು ಇವತ್ತಿಗೂ ಬಳಸೋ ಒಂದು ಲೆಕ್ಕ ಹುಟ್ಟಿದ್ದೇ ವಿಮಾನದ ಫ್ಯಾಕ್ಟರೀಲಿ, ಅದನ್ನ ಹೇಳಿಬಿಡ್ತೀನಿ, ಆಮೇಲೆ ಬೈಯೋದಾದ್ರೆ ಬೈರಿ. ಅಮೆರಿಕದಲ್ಲಿ ಥಿಯೋಡೋರ್ ರೈಟ್ ಅಂತ ಒಬ್ಬ ಇಂಜಿನಿಯರ್ ಇದ್ರು (ರೈಟ್ ಸಹೋದರರ ಸಂಬಂಧಿ ಅಲ್ಲ, ಹೆಸರು ಮಾತ್ರ ಒಂದೇ). ಅವರು 1936ರಲ್ಲಿ ವಿಮಾನದ ಖರ್ಚು ಹೇಗೆ ಏರುತ್ತೆ ಹೇಗೆ ಇಳಿಯುತ್ತೆ ಅಂತ ಒಂದು ಲೇಖನ ಬರೆದ್ರು. ಅದರ ಸಾರ ಇಷ್ಟೇ: ಒಟ್ಟು ಮಾಡಿದ ವಿಮಾನಗಳ ಸಂಖ್ಯೆ ಎರಡು ಪಟ್ಟಾದಾಗೆಲ್ಲ ಒಂದೊಂದು ವಿಮಾನಕ್ಕೆ ತಗಲೋ ಕೂಲಿ ಸರಾಸರಿ 20 ಪರ್ಸೆಂಟ್ ಇಳಿಯುತ್ತೆ. ಅಂದ್ರೆ ಮೊದಲ್ನೇದಕ್ಕೆ 100 ಗಂಟೆ ಹಿಡಿದ್ರೆ ಎರಡು ಆಗೋ ಹೊತ್ತಿಗೆ ಸರಾಸರಿ 80, ನಾಲ್ಕಾದಾಗ 64, ಎಂಟಕ್ಕೆ 51, ಹದಿನಾರಕ್ಕೆ 41. ಇಲ್ಲೇ ಒಂದು ಕಿತಾಪತಿ ಇದೆ ನೋಡಿ, ಇಳಿಯೋದು ದಿನ ಕಳೆದ ಹಾಗೆ ಅಲ್ಲ, ಮಾಡಿದ ಲೆಕ್ಕದ ಮೇಲೆ. ಹತ್ತು ವರ್ಷ ಕೂತು ಹದಿನಾರು ಮಾಡಿದ್ರೂ ನೀವು ನಿಂತಿರೋದು ಹದಿನಾರನೇ ಮೆಟ್ಟಿಲ ಮೇಲೇನೇ.

ನಾನು ಇದನ್ನ ಓದಿದ್ದು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ, ಅರ್ಥ ಆಗಿದ್ದು ಮಾತ್ರ ಲಾಕ್‌ಡೌನ್‌ನಲ್ಲಿ. ನನ್ನ ಹೆಂಡತಿ ವಿಜಾಪುರದ ಕಡೆಯವಳು, ಜೋಳದ ರೊಟ್ಟಿ ಇಲ್ದೆ ಊಟ ಇಲ್ಲ, ಅವಳಿಗೆ ಕೈ ನೋವು ಬಂತು ಅಂತ ನಾನೇ ಬಡಿಯೋಕೆ ಕೂತೆ, ಪಕ್ಕದಲ್ಲಿ ಫೋನ್ ಇಟ್ಟು ಟೈಮ್ ಬರ್ಕೊಳ್ತಾ ಹೋದೆ (ಹೌದು, ಮನೇಲಿ ನಗ್ತಾರೆ, ಅಭ್ಯಾಸ ಆಗಿದೆ). ಮೊದಲ್ನೇದು ಏಳು ನಿಮಿಷ ತಗೊಂಡು ಹಂಚಿಗೆ ಹಾಕೋವಾಗ ಎರಡು ತುಂಡಾಯ್ತು, ನಾಲ್ಕನೇದು ಐದು ನಿಮಿಷ, ಎಂಟನೇದಕ್ಕೆ ಮೂರೂವರೆ. ಹಿಟ್ಟು ಮೆತ್ತಿದ ಬದಿ ಮೇಲೆ ಬರೋ ಹಾಗೆ ಹಂಚಿಗೆ ಹಾಕ್ಬೇಕು, ಆಮೇಲೆ ಮೇಲೆ ಒದ್ದೆ ಬಟ್ಟೆ ಸವರಬೇಕು ಅಂತ ಬಾಯಲ್ಲಿ ಹೇಳಿದ್ರೆ ಒಂದು ಸಾಲು, ಕೈಗೆ ಬರೋಕೆ ಎಂಟು ರೊಟ್ಟಿ ಬೇಕಾಯ್ತು. ಆಮೇಲೆ ಅವಳ ಕೈ ವಾಸಿ ಆಯ್ತು, ನಾನು ಆರು ತಿಂಗಳು ಹಿಟ್ಟು ಮುಟ್ಟಲಿಲ್ಲ, ಮತ್ತೆ ಕೂತಾಗ ಮೊದಲ್ನೇದು ಮತ್ತೆ ಆರು ನಿಮಿಷ! ಈ ಮರೆವು ಫ್ಯಾಕ್ಟರಿಗೂ ಇದೆ ಸರ್. ಆರ್ಡರ್ ನಡುವೆ ಎರಡು ವರ್ಷ ಗ್ಯಾಪ್ ಬಿದ್ರೆ ಕೆಲಸ ಗೊತ್ತಿದ್ದ ಫಿಟ್ಟರ್ ನಿವೃತ್ತಿ ಆಗಿರ್ತಾನೆ, ಇಲ್ಲ ಬೇರೆ ಕಡೆ ಹೋಗಿರ್ತಾನೆ, ಹೊಸಬ ಬಂದು ಮೊದಲ್ನೇ ರೊಟ್ಟಿಯಿಂದ ಶುರು ಮಾಡ್ತಾನೆ.

ಇನ್ನೊಬ್ರು ನಾರ್ಮನ್ ಅಗಸ್ಟೀನ್. ಪ್ರಿನ್ಸ್‌ಟನ್‌ನಲ್ಲಿ ಏರೋನಾಟಿಕಲ್ ಓದಿ ಮುಂದೆ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಮುಖ್ಯಸ್ಥರಾದವರು. ಯುದ್ಧವಿಮಾನಗಳ ಬೆಲೆ ವರ್ಷದಿಂದ ವರ್ಷಕ್ಕೆ ಏರೋದನ್ನ ಗ್ರಾಫ್‌ನಲ್ಲಿ ಹಾಕಿ ಗೆರೆ ಮುಂದಕ್ಕೆಳೆದು ಒಂದು ತಮಾಷೆ ಮಾಡಿದ್ರು: ಹೀಗೇ ಹೋದ್ರೆ 2054ಕ್ಕೆ ಅಮೆರಿಕದ ಇಡೀ ರಕ್ಷಣಾ ಬಜೆಟ್‌ಗೆ ಬರೋದು ಒಂದೇ ವಿಮಾನ, ಅದನ್ನ ವಾಯುಪಡೆ ನೌಕಾಪಡೆ ವಾರದಲ್ಲಿ ಮೂರೂವರೆ ಮೂರೂವರೆ ದಿನ ಹಂಚ್ಕೋಬೇಕು, ಅಧಿಕ ವರ್ಷದಲ್ಲಿ ಮಿಕ್ಕೋ ಒಂದು ದಿನ ಮರೀನ್ ಸೈನಿಕರಿಗೆ. ನಗು ಬರುತ್ತೆ, ಆದ್ರೆ ಆ ಗೆರೆ ಮಾತ್ರ ನಿಜವಾದ ಬೆಲೆಗಳದ್ದೇ. ಹಂಗಾಗಿ ವಿಮಾನದವರಿಗೆ ದುಡ್ಡಿನ ಲೆಕ್ಕ ಚಟ ಅಲ್ಲ ಸರ್, ಕಸುಬಿನ ಭಾಗಾನೇ.

ಪ್ರ: ಸರ, ನಾನು ಹುಬ್ಬಳ್ಳಿ ಗೋಕುಲ ರೋಡನ್ಯಾಗ ಸಣ್ಣ ವರ್ಕಶಾಪ್ ನಡಸ್ತೀನಿ, ಎರಡು ಸಿಎನ್‌ಸಿ ಮಷಿನ್ (ಕಂಪ್ಯೂಟರ್ ನಡಸೋ ಲೋಹ ಕೆತ್ತೋ ಮಷಿನ್) ಅದಾವ. ಟ್ರ್ಯಾಕ್ಟರ್ ಪಾರ್ಟ್ ಮಾಡಿ ಕೈಗೆ ಏನೂ ಉಳಿಯಂಗಿಲ್ಲ. ವಿಮಾನದ ಪಾರ್ಟಿಗೆ ಇಳದ್ರ ಹತ್ತು ಪಟ್ಟು ರೇಟ್ ಸಿಗತೈತಿ ಅಂತ ಗೆಳೆಯಾ ಹೇಳ್ತಾನ. ಲೋನ್ ಮಾಡಿ ಫೈವ್ ಆಕ್ಸಿಸ್ ಮಷಿನ್ (ಐದು ಅಕ್ಷದ ಮ್ಯಾಲ ಆಡಿ ಕೆತ್ತೋದು) ತಗೊಳ್ಳೋದೋ ಬ್ಯಾಡೋ? - ವರ್ಕ್‌ಶಾಪ್ ಮಾಲೀಕರು, ಹುಬ್ಬಳ್ಳಿ

ಉ: ತಗೋಬೇಡಿ. ಈಗ್ಲೇ ಬೇಡ. ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ, ರೇಟ್ ಜಾಸ್ತೀನೇ, ಆದ್ರೆ ಆ ರೇಟು ಯಾವುದಕ್ಕೆ ಕೊಡ್ತಾರೆ ಅನ್ನೋದನ್ನ ಅವರು ಹೇಳಿಲ್ಲ. ಮಷಿನಿಂಗ್ ನಿಮಗೆ ಬರುತ್ತೆ, ಅದರಲ್ಲಿ ನನಗೇನೂ ಅನುಮಾನ ಇಲ್ಲ. ಅಲ್ಲಿ ದುಡ್ಡು ಕೊಡೋದು ಕಾಗದಕ್ಕೆ.

ಒಂದು ಘಟನೆ ಹೇಳ್ತೀನಿ, ಹೆಸರು ಬೇಡ. ಸುಮಾರು ವರ್ಷದ ಹಿಂದೆ ಬೆಂಗಳೂರಿನ ಒಂದು ವರ್ಕ್‌ಶಾಪ್‌ನಿಂದ 40 ಬ್ರ್ಯಾಕೆಟ್ ಬಂದಿತ್ತು, ಅಂಗೈಯಷ್ಟು ದೊಡ್ಡದು, ಅಲ್ಯೂಮಿನಿಯಂದು. ಕೈಗೆ ತಗೊಂಡು ನೋಡಿದ್ರೆ ಕನ್ನಡಿ ಹಂಗೆ ಫಿನಿಶ್, ತೂತುಗಳ ಅಂಚಲ್ಲಿ ಒಂದು ಬರ್ (ಕೆತ್ತಿದಾಗ ಉಳಿಯೋ ಚೂಪು ಸಿಬಿರು) ಇಲ್ಲ, ಎಲ್ಲಾ ಅಳತೆ ಸರಿ. ಇನ್‌ಸ್ಪೆಕ್ಷನ್‌ನವರು ಮೆಟೀರಿಯಲ್ ಸರ್ಟಿಫಿಕೇಟ್ ತೆಗೆದು ನೋಡ್ತಾರೆ, ಪೀಸ್ ಮೇಲೆ ಹೊಡೆದಿರೋ ಲಾಟ್ ನಂಬರ್‌ನಲ್ಲಿ 3 ಇದೆ, ಕಾಗದದಲ್ಲಿ 8 ಇದೆ. ಯಾರೋ ಟೈಪ್ ಮಾಡೋವಾಗ ತಪ್ಪಿದ್ದಾರೆ ಅಂತ ನಮಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಆದ್ರೆ ಅದೇ ಲಾಟು ಅಂತ ತೋರಿಸೋಕೆ ಆ ವರ್ಕ್‌ಶಾಪ್‌ನವರ ಹತ್ರ ಬೇರೆ ರಿಜಿಸ್ಟರ್ರೇ ಇರಲಿಲ್ಲ. ನಲ್ವತ್ತೂ ಸ್ಕ್ರ್ಯಾಪ್. ಆ ಮಾಲೀಕರು ನಮ್ಮ ಗೇಟ್ ಹತ್ರ ಟೀ ಅಂಗಡಿ ಮುಂದೆ ಒಂದು ಬ್ರ್ಯಾಕೆಟ್ ಕೈಯಲ್ಲಿ ಹಿಡ್ಕೊಂಡು ತಿರುಗಿಸ್ತಾ ನಿಂತಿದ್ದು ಇನ್ನೂ ಕಣ್ಣಲ್ಲಿದೆ, ಪಾಪ. ಇದು ಅತಿ ಅಂತ ಅನ್ಸುತ್ತೆ, ನನಗೂ ಅವತ್ತು ಅನ್ನಿಸಿತ್ತು. ಆದ್ರೆ ಇಪ್ಪತ್ತು ವರ್ಷ ಆದ್ಮೇಲೆ ಎಲ್ಲೋ ಒಂದು ಬ್ರ್ಯಾಕೆಟ್ ಬಿರುಕು ಬಿಟ್ರೆ ಅದೇ ಲೋಹದ ಗಟ್ಟಿಯಿಂದ ಬಂದ ಬಾಕಿ ತುಂಡುಗಳು ಯಾವ್ಯಾವ ವಿಮಾನದಲ್ಲಿ ಕೂತಿವೆ ಅಂತ ಒಂದೇ ದಿನದಲ್ಲಿ ಹುಡುಕಬೇಕು, ಆ ನಂಬರ್ ಬಿಟ್ರೆ ಬೇರೆ ದಾರಿ ಇಲ್ಲ.

ಇನ್ನು ಮೆಟೀರಿಯಲ್. ವಿಮಾನದಲ್ಲಿ ಗಟ್ಟಿ ಬ್ಲಾಕ್ ತಗೊಂಡು ಕೆತ್ತಿ ಕೆತ್ತಿ ತೆಳು ಮಾಡ್ತಾರೆ, ಹತ್ತು ಕಿಲೋ ಕೊಂಡು ಒಂದು ಕಿಲೋ ಪಾರ್ಟ್ ಆಗೋದು ಅಪರೂಪ ಏನಲ್ಲ, ಮಿಕ್ಕಿದ್ದೆಲ್ಲ ಮಷಿನ್ ಕೆಳಗೆ ಚಿಪ್ಸ್. ಆ ಹತ್ತು ಕಿಲೋಗೆ ದುಡ್ಡು ನೀವು ಇವತ್ತು ಹಾಕ್ಬೇಕು, ಒಂದು ಕಿಲೋ ಪಾರ್ಟಿನ ಪೇಮೆಂಟ್ ಎಷ್ಟೋ ತಿಂಗಳ ಮೇಲೆ ಬರುತ್ತೆ. ಮಷಿನ್ ಲೋನಿಗಿಂತ ಈ ನಡುವಿನ ದುಡ್ಡೇ ಸಣ್ಣವರನ್ನ ಮುಳುಗಿಸೋದು.

ಹಂಗಾದ್ರೆ ಏನ್ಮಾಡ್ಬೇಕು ಅಂದ್ರೆ, ಮೊದಲು ಎಎಸ್ 9100 ಅಂತ ಏರೋಸ್ಪೇಸ್‌ನವರ ಕ್ವಾಲಿಟಿ ಸರ್ಟಿಫಿಕೇಟ್ ಇದೆ, ಅದರ ಪದ್ಧತಿ ಪ್ರಕಾರ ನಿಮ್ಮ ಈಗಿನ ಟ್ರ್ಯಾಕ್ಟರ್ ಪಾರ್ಟನ್ನೇ ಆರು ತಿಂಗಳು ಮಾಡಿ ನೋಡಿ. ಪ್ರತಿ ಲಾಟಿಗೆ ನಂಬರ್, ಪ್ರತಿ ಗೇಜಿಗೆ ಕ್ಯಾಲಿಬ್ರೇಷನ್ ತಾರೀಕು, ಯಾರು ಮಾಡಿದ್ರು ಯಾರು ಚೆಕ್ ಮಾಡಿದ್ರು ಅಂತ ಸಹಿ. ನಿಮ್ಮ ಹುಡುಗ್ರು ಬೈಕೊಳ್ದೆ ಅದನ್ನ ಬರೆಯೋ ಮಟ್ಟಕ್ಕೆ ಬಂದ್ರೆ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಆಮೇಲೆ ನೇರ ಬೋಯಿಂಗ್, ಏರ್‌ಬಸ್ ಬಾಗಿಲು ತಟ್ಟೋಕೆ ಹೋಗ್ಬೇಡಿ, ಈಗಾಗ್ಲೇ ಅವರಿಗೆ ಕೊಡ್ತಾ ಇರೋರ ಹತ್ರ ಸಬ್ ಕಾಂಟ್ರ್ಯಾಕ್ಟ್ ಕೇಳಿ. ನಿಮಗೆ ಬೆಳಗಾವಿ ಹತ್ರಾನೇ ಇದೆ, ಹತ್ತರಗಿಯಲ್ಲಿ ವಿಮಾನದ ಪಾರ್ಟ್ ಮಾಡೋ ಏಕಸ್ ಕಂಪನಿಯವರು ಮಾಡಿರೋ ಎಸ್‌ಇಝಡ್‌ನಲ್ಲಿ (ವಿಶೇಷ ಆರ್ಥಿಕ ವಲಯ) ಫೋರ್ಜಿಂಗ್, ಮಷಿನಿಂಗ್, ಪಾರ್ಟಿನ ಮೇಲ್ಮೈ ಸಂಸ್ಕರಣೆ ಎಲ್ಲಾ ಒಂದೇ ಆವರಣದಲ್ಲಿ ನಡೆಯುತ್ತೆ, ಒಂದ್ಸಲ ಹೋಗಿ ಆ ಕಡೆ ಕೆಲಸ ಮಾಡೋರನ್ನ ಮಾತಾಡಿಸಿ ಬನ್ನಿ. ಮತ್ತೆ ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಇಂಥವನ್ನ ನೀವೇ ಮಾಡೋಕೆ ಹೋಗ್ಬೇಡಿ, ಅದಕ್ಕೆ ನಾಡ್‌ಕ್ಯಾಪ್ ಅಂತ ಬೇರೇನೇ ಮಾನ್ಯತೆ ಬೇಕು. ಫೈವ್ ಆಕ್ಸಿಸ್ ಕೊನೆಗೆ, ಕೈಯಲ್ಲಿ ಆರ್ಡರ್ ಕಾಗದ ಇದ್ದಾಗ.

ಪ್ರ: ನಮ್ಮ ಹುಡುಗನ ಗೈಡ್‌ನಲ್ಲಿ ಹೀಗಿದೆ: ರೆಕ್ಕೆಯ ಮೇಲ್ಭಾಗ ಉಬ್ಬಿರೋದ್ರಿಂದ ಮೇಲಿನ ಗಾಳಿ ಜಾಸ್ತಿ ದೂರ ಹೋಗ್ಬೇಕು, ಕೆಳಗಿನ ಗಾಳಿ ಜೊತೆಗೇ ಹಿಂದೆ ಸೇರೋಕೆ ಅದು ಜೋರಾಗಿ ಓಡುತ್ತೆ, ಅದಕ್ಕೇ ವಿಮಾನ ಮೇಲೇರುತ್ತೆ. ಆದ್ರೆ ಅವನು ಕಾಗದದ ವಿಮಾನಕ್ಕೆ ಉಬ್ಬೇ ಇಲ್ವಲ್ಲ ಅಂತಾನೆ. ಏನ್ ಹೇಳ್ಲಿ? - ಗೃಹಿಣಿ, ಶಿವಮೊಗ್ಗ

ಉ: ಹುಡುಗ ಸರಿ ಮೇಡಂ, ಗೈಡ್ ತಪ್ಪು. ಮೇಲಿನ ಗಾಳಿ ಕೆಳಗಿನ ಗಾಳಿ ಹಿಂದೆ ಹೋಗಿ ಒಟ್ಟಿಗೆ ಸೇರ್ಲೇಬೇಕು ಅಂತ ಎಲ್ಲೂ ನಿಯಮ ಇಲ್ಲ, ಅವೇನು ಜಾತ್ರೇಲಿ ಕೈ ಬಿಟ್ಟೋದ ಗಂಡ ಹೆಂಡ್ತೀನಾ? ವಿಂಡ್ ಟನಲ್‌ನಲ್ಲಿ ಹೊಗೆ ಬಿಟ್ಟು ನೋಡಿದ್ರೆ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂದಿನ ಅಂಚು ದಾಟಿ ಹೋಗಿರುತ್ತೆ, ಕಾಯೋದೇ ಇಲ್ಲ. ಮೇಲೆ ವೇಗ ಜಾಸ್ತಿ, ಒತ್ತಡ ಕಮ್ಮಿ ಅನ್ನೋದು ನಿಜ. ಅದಕ್ಕೆ ಗೈಡ್ ಕೊಟ್ಟ ಕಾರಣ ಮಾತ್ರ ಕಟ್ಟುಕತೆ.

ಹುಡುಗನಿಗೆ ಹೀಗೆ ಹೇಳಿ. ಬಸ್ಸಲ್ಲಿ ಹೋಗೋವಾಗ ಕಿಟಕಿಯಿಂದ ಕೈ ಆಚೆ ಹಾಕಿದ್ರೆ (ಹಾಕ್ಬೇಡಿ, ಕಂಡಕ್ಟರ್ ಬೈತಾರೆ, ಬೈಬೇಕು ಕೂಡ, ಟೇಬಲ್ ಫ್ಯಾನ್ ಮುಂದೆ ರಟ್ಟು ಹಿಡಿದು ಮಾಡೋಕೆ ಹೇಳಿ) ಅಂಗೈಯ ಮುಂದಿನ ಅಂಚು ಸ್ವಲ್ಪ ಎತ್ತಿದ ತಕ್ಷಣ ಕೈ ಮೇಲಕ್ಕೆ ಹೋಗುತ್ತೆ. ಕೈ ಗಾಳೀನ ಕೆಳಕ್ಕೆ ತಳ್ತು, ಗಾಳಿ ಕೈಯನ್ನ ಮೇಲಕ್ಕೆ ತಳ್ತು, ನ್ಯೂಟನ್ನನ ಮೂರನೇ ನಿಯಮ. ರೆಕ್ಕೆ ಮಾಡೋದೂ ಇದೇ, ಗಾಳೀನ ಕೆಳಕ್ಕೆ ಬಾಗಿಸೋದು. ಉಬ್ಬು ಇದ್ರೆ ಗಾಳಿ ಮೇಲ್ಮೈಗೆ ಅಂಟ್ಕೊಂಡು ನೀಟಾಗಿ ಬಾಗುತ್ತೆ, ತಡೆ ಕಮ್ಮಿ ಆಗುತ್ತೆ, ಆದ್ರೆ ಉಬ್ಬೇ ಬೇಕು ಅಂತಿಲ್ಲ. ಯಲಹಂಕದ ಏರ್ ಶೋನಲ್ಲಿ ಸೂರ್ಯಕಿರಣ್ ತಂಡದವರು ವಿಮಾನ ತಲೆಕೆಳಗೆ ಮಾಡಿ ಹಾರಿಸ್ತಾರಲ್ಲ, ಗೈಡ್ ಹೇಳಿದ್ದು ಸರಿ ಇದ್ರೆ ಅದು ನೆಲಕ್ಕೆ ಬಡಿಬೇಕಿತ್ತು. ಪರೀಕ್ಷೆಯಲ್ಲಿ ಏನು ಬರೀಬೇಕು ಅಂತ ಮಾತ್ರ ನನ್ನ ಕೇಳ್ಬೇಡಿ, ಮಾರ್ಕ್ಸ್ ಕೊಡೋರು ನಾನಲ್ಲ.

ಪ್ರ: ತೇಜಸ್ ಮಾಡ್ತೀವಿ, ಮಂಗಳನ ಹತ್ರ ಹೋದ್ವಿ, ಆದ್ರೆ ಇಂಡಿಗೋದಲ್ಲಿ ಹತ್ತಿದ್ರೆ ಏರ್‌ಬಸ್ಸು. ನಮ್ಮದೇ ಪ್ಯಾಸೆಂಜರ್ ವಿಮಾನ ಯಾಕಿಲ್ಲ? - ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉ: ಒಂದೇ ಒಂದು ಇದೆ, ಪೂರ್ತಿ ನಮ್ಮದಲ್ಲ. ಎಚ್‌ಎಎಲ್ ಕಾನ್ಪುರದಲ್ಲಿ ಡಾರ್ನಿಯರ್ 228 ಮಾಡುತ್ತೆ, ವಿನ್ಯಾಸ ಜರ್ಮನಿಯದ್ದು, ತಯಾರಿ ಇಲ್ಲಿ. ಅದು 2022ರ ಏಪ್ರಿಲ್‌ನಲ್ಲಿ ಅಲಯನ್ಸ್ ಏರ್ ಹೆಸರಲ್ಲಿ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಪ್ರಯಾಣಿಕರನ್ನ ಕೂರಿಸ್ಕೊಂಡು ಹೋಯ್ತು. ಇಪ್ಪತ್ತು ಸೀಟಿಗಿಂತ ಕಮ್ಮಿ ಇರೋ ಪುಟ್ಟ ವಿಮಾನ.

ದೊಡ್ಡದು ಯಾಕಿಲ್ಲ ಅಂದ್ರೆ ಎಲ್ರೂ ತಂತ್ರಜ್ಞಾನ ಇಲ್ಲ ಅಂತಾರೆ, ನಾನು ಒಪ್ಪಲ್ಲ. ಮೇಲೆ ಹೇಳಿದ ರೊಟ್ಟಿ ಲೆಕ್ಕಾನೇ ಇಲ್ಲೂ. ಬೋಯಿಂಗ್ 737 ಇವತ್ತಿಗೆ 11 ಸಾವಿರಕ್ಕಿಂತ ಜಾಸ್ತಿ ತಯಾರಾಗಿದೆ, ನಾವು ಮೊದಲ್ನೇದು ಮಾಡೋವಾಗ ಅವರು ಹನ್ನೊಂದು ಸಾವಿರದ ಮೆಟ್ಟಿಲಲ್ಲಿ ನಿಂತಿರ್ತಾರೆ. ಅವರ ಬೆಲೆಗೆ ನಾವು ಮಾರ್ಬೇಕು ಅಂದ್ರೆ ಮೊದಲ ಕೆಲವು ನೂರು ವಿಮಾನ ನಷ್ಟದಲ್ಲೇ ಕೊಡ್ಬೇಕು, ಆ ನಷ್ಟ ತುಂಬೋರು ಯಾರು? ದುಡ್ಡಿದ್ದೋರೂ ಇದರಲ್ಲಿ ಸೋತಿದ್ದಾರೆ. ಲಾಕ್‌ಹೀಡ್‌ನ ಟ್ರೈಸ್ಟಾರ್ ತಾಂತ್ರಿಕವಾಗಿ ಅದ್ಭುತ ವಿಮಾನ, ಅಸಲು ಹುಟ್ಟೋಕೆ ಹೆಚ್ಚುಕಮ್ಮಿ 500 ಮಾರ್ಬೇಕಿತ್ತು, ಮಾಡಿದ್ದು 250, ಆ ಕಂಪನಿ ಪ್ಯಾಸೆಂಜರ್ ವಿಮಾನದ ಸಹವಾಸಾನೇ ಬಿಡ್ತು. ಏರ್‌ಬಸ್ ಎ380, ಎರಡಂತಸ್ತಿನ ಆನೆ, 251ಕ್ಕೆ ನಿಂತೋಯ್ತು, ಕೊನೇದು ಕೊಟ್ಟಿದ್ದು 2021ರ ಡಿಸೆಂಬರ್‌ನಲ್ಲಿ. ಜಪಾನಿನ ಮಿತ್ಸುಬಿಷಿ ತನ್ನ ಜೆಟ್ಟನ್ನ 2015ರಲ್ಲಿ ಹಾರಿಸಿ ತೋರಿಸಿತ್ತು, 2023ರಲ್ಲಿ ಕೈ ತೊಳ್ಕೊಂಡ್ತು. ಹಾರಿಸೋದು ಒಂದು ಕೆಲಸ, ಅದು ಸುರಕ್ಷಿತ ಅಂತ ಜಗತ್ತಿನ ಮುಂದೆ ಕಾಗದದಲ್ಲಿ ಸಾಬೀತು ಮಾಡೋದು ಅದರ ಎಷ್ಟೋ ಪಟ್ಟು ದೊಡ್ಡ ಕೆಲಸ (ಹುಬ್ಬಳ್ಳಿಯವರಿಗೆ ಹೇಳಿದ್ದನ್ನೇ ಮತ್ತೆ ಹೇಳ್ತಿದ್ದೀನಿ, ಏನ್ಮಾಡ್ಲಿ).

ನಮ್ಮ ಎನ್‌ಎಎಲ್ (ಸರ್ಕಾರದ ವಿಮಾನ ಸಂಶೋಧನಾ ಸಂಸ್ಥೆ) ಮಾಡಿದ ಪುಟ್ಟ ಪ್ಯಾಸೆಂಜರ್ ವಿಮಾನ ಸರಸ್ 2004ರ ಮೇನಲ್ಲಿ ಬೆಂಗಳೂರಲ್ಲಿ ಮೊದಲ ಸಲ ಹಾರ್ತು. 2009ರ ಮಾರ್ಚ್‌ನಲ್ಲಿ ಎರಡನೇ ಮಾದರಿ ಬಿಡದಿ ಹತ್ರ ಬಿದ್ದು ಮೂವರು ವಾಯುಪಡೆಯವರು ತೀರ್ಕೊಂಡ್ರು. ಆ ಶಾಕ್‌ನಿಂದ ಕೆಲಸ ವರ್ಷಗಟ್ಟಲೆ ನಿಂತು, ಮತ್ತೆ ಸರಸ್ ಮೇಲೆದ್ದಿದ್ದು 2018ರಲ್ಲಿ. ಆ ನಡುವೆ ಎಷ್ಟು ಜನರ ಕೈಗೆ ಬಂದ ವಿದ್ಯೆ ಹಂಗೇ ಹೋಯ್ತು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ತೇಜಸ್ ಕೂಡ ಹಂಗೇ, 2001ರಲ್ಲಿ ಹಾರಿದ್ದು, ಮೊದಲು ಸಿಕ್ಕಿದ ಆರ್ಡರ್ 20, ಆಮೇಲೆ ಇನ್ನೊಂದು 20. ನಲ್ವತ್ತಕ್ಕೆ ಯಾವ ಸಪ್ಲೈಯರ್ ಮಷಿನ್ ಹಾಕ್ತಾನೆ ಹೇಳಿ? 2021ರಲ್ಲಿ 83, 2025ರಲ್ಲಿ ಇನ್ನೂ 97 ಆರ್ಡರ್ ಬಂತು, ಕಲಿಕೆ ಅನ್ನೋದಕ್ಕೆ ಜಾಗ ಸಿಕ್ಕಿದ್ದು ಈಗ.

ಪ್ರ: ಹೋದ ಸಂಚಿಕೆಯಲ್ಲಿ ಮಾರುತ್ ಯುದ್ಧವಿಮಾನ ಫೇಲ್ ಆಯ್ತು ಅಂತ ಒಂದೇ ಸಾಲಲ್ಲಿ ಬರೆದ್ರಿ. ನಮ್ಮ ತಂದೆ ಅದರ ಶಾಪ್‌ನಲ್ಲಿ ಕೆಲಸ ಮಾಡಿದೋರು, ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. - ಓದುಗರು, ವಿಮಾನಪುರ, ಬೆಂಗಳೂರು

ಉ: ತಪ್ಪಾಯ್ತು. ಹಿರಿಯರಿಗೆ ನನ್ನ ನಮಸ್ಕಾರ ಹೇಳಿ. ಫೇಲ್ ಅನ್ನೋ ಪದ ಬಳಸ್ಬಾರದಿತ್ತು. ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ನಮ್ಮವರ ಜೊತೆ ವಿನ್ಯಾಸ ಮಾಡಿದ ಎಚ್‌ಎಫ್-24, ಅಂದ್ರೆ ಮಾರುತ್, ಹಾರಿದ್ದು 1961ರ ಜೂನ್ 17ಕ್ಕೆ, ಜೆಟ್ ಯುದ್ಧವಿಮಾನ ವಿನ್ಯಾಸ ಮಾಡಿ ಅಭ್ಯಾಸ ಇಲ್ಲದ ದೇಶಕ್ಕೆ ಅದು ಸಣ್ಣ ಮಾತಲ್ಲ. ಅದರ ಒಡಲು ಶಬ್ದದ ಎರಡು ಪಟ್ಟು ವೇಗದ ಕನಸಲ್ಲಿ ಹುಟ್ಟಿದ್ದು, ಸಿಕ್ಕಿದ್ದು ಆರ್ಫಿಯಸ್ ಇಂಜಿನ್, ಶಬ್ದದ ವೇಗ ಮುಟ್ಟೋಕೇ ಏದುಸಿರು. ಇನ್ನೂ ಶಕ್ತಿ ಇರೋ ಆರ್ಫಿಯಸ್ ಬ್ರಿಟನ್‌ನಲ್ಲಿ ತಯಾರಾಗ್ಬೇಕಿತ್ತು, ಅದರ ಖರ್ಚು ಹೊರೋಕೆ ನಮ್ಮವರು ಒಪ್ಪಲಿಲ್ಲ. ಹಂಗೂ 147 ಮಾಡಿದ್ರು, 1971ರ ಯುದ್ಧದಲ್ಲಿ ಹಾರಿದ್ವು, ಒಂದು ಇಂಜಿನ್ ಕೆಟ್ರೂ ಇನ್ನೊಂದರ ಮೇಲೆ ವಾಪಸ್ ಬಂದಿದ್ದೂ ಉಂಟು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ನಿಂತಿದೆ. ತಂದೆಯವರನ್ನ ಅಲ್ಲಿಗೆ ಕರ್ಕೊಂಡು ಹೋಗಿ ಯಾವ ರಿವೆಟ್ ಅವರು ಹೊಡೆದಿದ್ದು ಅಂತ ಕೇಳಿ, ಖಂಡಿತ ತೋರಿಸ್ತಾರೆ.

ಪ್ರ: ನಮ್ಮ ಚಳ್ಳಕೆರೆ ಹತ್ರ ಇಸ್ರೋದವರು ರೆಕ್ಕೆ ಇರೋ ರಾಕೆಟ್ ಇಳಿಸಿದ್ರು. ಹಂಗಾದ್ರೆ ಸ್ಪೇಸ್‌ಎಕ್ಸ್ ತರ ನಮ್ಮ ರಾಕೆಟ್ಟೂ ವಾಪಸ್ ಬರೋದು ಯಾವಾಗ, ಖರ್ಚು ಉಳಿಯಲ್ವಾ? - ಅಂಗಡಿ ವ್ಯಾಪಾರಿ, ಚಿತ್ರದುರ್ಗ

ಉ: ನೀವು ಹೇಳಿದ್ದು ಪುಷ್ಪಕ್. 2023ರ ಏಪ್ರಿಲ್‌ನಲ್ಲಿ ಒಂದ್ಸಲ, 2024ರ ಮಾರ್ಚ್, ಜೂನ್‌ನಲ್ಲಿ ಎರಡ್ಸಲ ಚಿನೂಕ್ ಹೆಲಿಕಾಪ್ಟರ್ ಅದನ್ನ ನಾಲ್ಕೂವರೆ ಕಿಲೋಮೀಟರ್ ಮೇಲೆ ಎತ್ಕೊಂಡು ಹೋಗಿ ಬಿಡ್ತು, ಅದು ತಾನೇ ದಾರಿ ಹುಡುಕ್ಕೊಂಡು ರನ್‌ವೇ ಮೇಲೆ ಇಳೀತು. ಇಳಿಯೋವಾಗ ಗಂಟೆಗೆ 320 ಕಿಲೋಮೀಟರ್‌ಗೂ ಮೀರಿದ ವೇಗ, ಪ್ಯಾಸೆಂಜರ್ ವಿಮಾನ ಇಳಿಯೋದು ಸುಮಾರು 260ರಲ್ಲಿ. ರೆಕ್ಕೆ ಮೊಂಡು, ಅದಕ್ಕೇ ಆ ವೇಗ. ಆದ್ರೆ ಇದು ಬೇರೆ ಜಾತಿ, ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ ತರ ಕೆಳಗಿನ ಹಂತ ನೆಟ್ಟಗೆ ನಿಂತ್ಕೊಂಡು ಇಳಿಯೋದಲ್ಲ.

ಖರ್ಚಿನ ವಿಷಯಕ್ಕೆ ಬರ್ತೀನಿ, ನೀವು ವ್ಯಾಪಾರಿ, ಬೇಗ ಹಿಡೀತೀರಿ. ರಾಕೆಟ್ ವಾಪಸ್ ಬರಬೇಕಂದ್ರೆ ಬರೋಕೂ ಇಂಧನ ಉಳಿಸ್ಕೋಬೇಕು, ಕಾಲು ಬೇಕು, ಹಂಗಾಗಿ ಮೇಲೆ ಒಯ್ಯೋ ಸಾಮಾನು ಕಮ್ಮಿ ಆಗುತ್ತೆ. ಫಾಲ್ಕನ್ 9 ಬಿಸಾಕೋ ಹಾಗೆ ಹಾರಿದ್ರೆ 22.8 ಟನ್ ಒಯ್ಯುತ್ತೆ, ವಾಪಸ್ ಬರೋ ಹಾಗೆ ಹಾರಿದ್ರೆ 17 ಟನ್ ಚಿಲ್ಲರೆ. ಲಾರಿ ಖಾಲಿ ವಾಪಸ್ ಬರೋಕೂ ಡೀಸೆಲ್ ಇಟ್ಕೊಂಡ ಹಾಗೆ. ಅದರ ಮೇಲೆ ಇಳಿದ ರಾಕೆಟ್ ರಿಪೇರಿ ಮಾಡೋ ಜನ, ಶೆಡ್ಡು, ಹಡಗು ಎಲ್ಲಾ ವರ್ಷಪೂರ್ತಿ ಸಾಕ್ಬೇಕು. 2024ರಲ್ಲಿ ಸ್ಪೇಸ್‌ಎಕ್ಸ್ 130ಕ್ಕಿಂತ ಜಾಸ್ತಿ ಸಲ ಫಾಲ್ಕನ್ ಹಾರಿಸ್ತು, ಅದರಲ್ಲಿ ಹೆಚ್ಚಿನವು ಅವರದೇ ಸ್ಟಾರ್‌ಲಿಂಕ್ ಉಪಗ್ರಹಕ್ಕೆ, ಅಂದ್ರೆ ಗಿರಾಕೀನೂ ಅವರೇ. ಅದೇ ವರ್ಷ ಇಸ್ರೋ ಹಾರಿಸಿದ್ದು ಐದು. ಐದಕ್ಕೆ ಈ ವ್ಯವಸ್ಥೆ ಸಾಕೋದು ವರ್ಷಕ್ಕೆ ಐದು ಮದುವೆ ಇರೋ ಊರಲ್ಲಿ ಸಾವಿರ ಜನರ ಛತ್ರ ಕಟ್ಟಿಸಿದ ಹಾಗೆ. ಆದ್ರೂ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ 8,240 ಕೋಟಿ ಕೊಟ್ಟು ಹೊಸ ರಾಕೆಟ್ಟಿಗೆ ಒಪ್ಪಿಗೆ ಕೊಟ್ಟಿದೆ, ಅದರ ಮೊದಲ ಹಂತ ವಾಪಸ್ ಬರೋ ಹಾಗೆ ಮಾಡ್ತಾರಂತೆ. ರಾಕೆಟ್ ಮಾಡ್ತಾರೆ, ನನಗೆ ಅನುಮಾನ ಇಲ್ಲ, ವರ್ಷಕ್ಕೆ ಮೂವತ್ತು ಮದುವೆ ಎಲ್ಲಿಂದ ತರ್ತಾರೆ ಅನ್ನೋದೇ ನನ್ನ ಚಿಂತೆ.

ಪ್ರ: ಮಗಳು ಏರೋಸ್ಪೇಸ್ ಇಂಜಿನಿಯರಿಂಗೇ ಬೇಕು ಅಂತಾಳೆ, ನೆಂಟರು ಕಂಪ್ಯೂಟರ್ ಸೈನ್ಸ್ ತಗೊಳ್ಳಿ ಅಂತಾರೆ. - ತಾಯಿ, ತುಮಕೂರು

ಉ: ಕೆಲಸದ ಸಂಖ್ಯೆ ನೋಡಿದ್ರೆ ನೆಂಟರು ಸರಿ, ಅದನ್ನ ಮುಚ್ಚಿಡಲ್ಲ. ನನ್ನ ಕೇಳಿದ್ರೆ ಬಿಇಗೆ ಮೆಕ್ಯಾನಿಕಲ್ ಇಲ್ಲ ಎಲೆಕ್ಟ್ರಾನಿಕ್ಸ್ ಓದ್ಲಿ, ಆಸೆ ಹಂಗೇ ಇದ್ರೆ ಎಂಟೆಕ್‌ಗೆ ಏರೋಸ್ಪೇಸ್ ತಗೊಳ್ಳಲಿ, ಎರಡೂ ಬಾಗಿಲು ತೆರೆದಿರುತ್ತೆ. ವಿಮಾನದ ಕಂಪನಿಗಳಲ್ಲಿ ತುಂಬ ಜನ ಬೇರೆ ಬ್ರಾಂಚಿನೋರೇ. ಆದ್ರೆ ಹುಡುಗಿ ಈಗಾಗ್ಲೇ ಥರ್ಮೋಕೋಲ್ ಕುಯ್ದು ಮನೆ ತುಂಬ ಗ್ಲೈಡರ್ ಹಾರಿಸ್ತಾ ಇದ್ರೆ ಈ ಸಲಹೆ ಮರೆತುಬಿಡಿ, ಅವಳಿಷ್ಟಕ್ಕೆ ಬಿಡಿ.

ಪ್ರ: ವಿಮಾನದ ಕಿಟಕಿ ಗಾಜಲ್ಲಿ ಕೆಳಗಡೆ ಸೂಜಿ ಮೊನೆಯಷ್ಟು ತೂತು ಇರುತ್ತಲ್ಲ, ಗಾಳಿ ಸೋರಲ್ವಾ? ದುಬೈಗೆ ಹೋಗೋವಾಗೆಲ್ಲ ನಾನು ಅದರ ಮೇಲೆ ಬೆರಳು ಇಟ್ಕೊಂಡೇ ಕೂರ್ತೀನಿ. - ಓದುಗರು, ಉಡುಪಿ

ಉ: ಬೆರಳು ತೆಗೀರಿ, ಏನೂ ಆಗಲ್ಲ. ಅಸಲಿಗೆ ನಿಮ್ಮ ಬೆರಳು ಆ ತೂತಿನ ಮೇಲೆ ಇರೋದೇ ಇಲ್ಲ. ಕಿಟಕೀಲಿ ಮೂರು ಪದರ ಇರುತ್ತೆ. ನೀವು ಮುಟ್ಟೋದು ಗೀರು ಬೀಳದ ಹಾಗೆ ಹಾಕಿರೋ ಬರೀ ಹೊದಿಕೆ, ಒತ್ತಡ ತಡೆಯೋದು ಎಲ್ಲಕ್ಕಿಂತ ಆಚೆದು, ತೂತು ಇರೋದು ನಡುವಿನದಕ್ಕೆ. ಆ ತೂತಿನಿಂದ ಒಳಗಿನ ಒತ್ತಡ ಆಚೆ ಗಾಜಿನವರೆಗೂ ಮುಟ್ಟುತ್ತೆ, ಅಂದ್ರೆ ಭಾರ ಪೂರ್ತಿ ಆಚೇದೇ ಹೊರುತ್ತೆ, ನಡುವಿಂದು ಸುಮ್ನೆ ಕಾಯ್ತಾ ಇರುತ್ತೆ, ಆಚೇದು ಒಡೆದ್ರೆ ಆಗ ಇದರ ಪಾಳಿ. ಗಾಜು ಮಂಜು ಹಿಡಿಯೋದೂ ತಪ್ಪುತ್ತೆ, ಅಷ್ಟೆ.

ಕಿಟಕಿ ವಿಷಯ ಬಂತು ಅಂತ ಇದನ್ನೂ ಹೇಳಿಬಿಡ್ತೀನಿ, ಜಾಗ ಇದೆಯೋ ಇಲ್ವೋ ಸಂಪಾದಕರು ನೋಡ್ಕೊಳ್ಳಲಿ. ಜಗತ್ತಿನ ಮೊದಲ ಪ್ಯಾಸೆಂಜರ್ ಜೆಟ್ ಬ್ರಿಟನ್ನಿನ ಕಾಮೆಟ್, 1952ರ ಮೇ 2ರಂದು ಸೇವೆಗೆ ಬಂತು. 1954ರ ಜನವರೀಲಿ ಒಂದು ಇಟಲಿಯ ಎಲ್ಬಾ ದ್ವೀಪದ ಹತ್ರ, ಏಪ್ರಿಲ್‌ನಲ್ಲಿ ಇನ್ನೊಂದು ನೇಪಲ್ಸ್ ಹತ್ರ ಆಕಾಶದಲ್ಲೇ ಚೂರಾಗಿ ಸಮುದ್ರಕ್ಕೆ ಬಿದ್ವು. ಯಾಕೆ ಅಂತ ತಿಳಿಯೋಕೆ ಬ್ರಿಟನ್ನಿನ ಫಾರ್ನ್‌ಬರೋ ಸಂಶೋಧನಾ ಕೇಂದ್ರದಲ್ಲಿ ಏನ್ಮಾಡಿದ್ರು ಗೊತ್ತಾ, ಒಂದು ಇಡೀ ಕಾಮೆಟ್ಟಿನ ಒಡಲನ್ನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ರೆಕ್ಕೆ ಮಾತ್ರ ಆಚೆ ಬಿಟ್ಟು, ಒಳಗೂ ನೀರು ತುಂಬಿ ಒತ್ತಡ ಏರಿಸೋದು ಇಳಿಸೋದು, ಏರಿಸೋದು ಇಳಿಸೋದು, ಹಗಲೂ ರಾತ್ರಿ. ಒಂದು ಏರಿಳಿತ ಅಂದ್ರೆ ಒಂದು ಹಾರಾಟ. ಗಾಳಿ ತುಂಬಿ ಮಾಡಿದ್ರೆ ಬಲೂನ್ ತರ ಸಿಡಿದು ಸಾಕ್ಷಿಯೆಲ್ಲ ಪುಡಿಪುಡಿ ಆಗುತ್ತೆ, ನೀರು ಕುಗ್ಗಲ್ಲ ಹಿಗ್ಗಲ್ಲ, ಬಿರುಕು ಬಿಟ್ಟ ತಕ್ಷಣ ಒತ್ತಡ ಇಳಿದುಹೋಗಿ ಬಿರುಕು ಶುರುವಾದ ಜಾಗ ಹಂಗೇ ಉಳಿಯುತ್ತೆ. ನಿಮ್ಮನೆ ಗ್ಯಾಸ್ ಸಿಲಿಂಡರ್‌ಗೂ ಕೆಲವು ವರ್ಷಕ್ಕೊಂದ್ಸಲ ಇದೇ ನೀರಿನ ಟೆಸ್ಟ್ ಮಾಡ್ತಾರೆ, ಹಿಡಿಕೆ ಹತ್ರ ಒಳಗಡೆ ಅಕ್ಷರ, ವರ್ಷ ಬರೆದಿರುತ್ತೆ, ಮುಂದಿನ ಸಲ ಬಂದಾಗ ನೋಡಿ. ಕಾಮೆಟ್ ಹಳೇ ಹಾರಾಟ ಸೇರಿ 3,057ನೇ ಏರಿಳಿತಕ್ಕೆ ಬಿರುಕು ಬಿಡ್ತು, ಚೌಕ ತೆರಪಿನ ಮೂಲೆಯಿಂದ. ಎಲ್ಬಾ ಹತ್ರ ಸಮುದ್ರದಿಂದ ಎತ್ತಿದ ಚೂರು ನೋಡಿದ್ರೆ ಅಲ್ಲಿ ಬಿರುಕು ಶುರುವಾಗಿದ್ದು ಪ್ರಯಾಣಿಕರ ಕಿಟಕೀಲಿ ಅಲ್ಲ, ಛಾವಣಿ ಮೇಲಿನ ರೇಡಿಯೋ ಆಂಟೆನಾ ತೆರಪಿನ ಮೂಲೇಲಿ. ಎಲ್ಲೂ ಕಿಟಕಿ ಕಿಟಕಿ ಅಂತಾನೇ ಬರೀತಾರೆ, ಇದನ್ನ ಯಾರೂ ಹೇಳಲ್ಲ.

ಪಾಠ ಕಲಿತಿದ್ದು ಬ್ರಿಟನ್, ಆ ವರದಿ ಓದಿ ಎಲ್ಲಾ ದೇಶದೋರೂ ತಿದ್ಕೊಂಡ್ರು. ಸುಧಾರಿಸಿದ ಕಾಮೆಟ್ 4 ನಾಲ್ಕು ವರ್ಷ ಬಿಟ್ಟು 1958ರ ಅಕ್ಟೋಬರ್ 4ರಂದು ಅಟ್ಲಾಂಟಿಕ್ ದಾಟ್ತು, ಅದೇ ತಿಂಗಳು 26ಕ್ಕೆ ಇನ್ನೂ ದೊಡ್ಡ ಬೋಯಿಂಗ್ 707 ಬಂತು, ಗಿರಾಕಿಗಳೆಲ್ಲ ಆ ಕಡೆ ಹೋದ್ರು. ದಾವಣಗೆರೆಯ ಮ್ಯಾನೇಜರ್ ಸಾಹೇಬ್ರೇ, ಇದನ್ನ ಯಾವ ಖಾತೆಗೆ ಬರೀತಾರೆ, ನೀವೇ ಒಂದು ಕಾರ್ಡ್ ಹಾಕಿ ತಿಳಿಸಿ.